ಮೂರನೇ ಪ್ರೂಫು

ಶಿರಸಿಯ ಐದುರಸ್ತೆಗೆ ಬೆನ್ನು ಹಾಕಿದ ನಮ್ಮ ಪ್ರೆಸ್ಸಿಗೆ
ಸಾವೇರಕ್ಕ ಬಂದದ್ದು ಐನೂರು ಲೇಬಲ್ಲಿಗೆ.
ಪೆನ್ಸಿಲಿನ ಚೀಟಿ. ಒಂದೇ ಪದ: ತೊಡದೇವು.
ಕೆಳಗೆ, ತಯಾರಕರು ಎಂಬಲ್ಲಿ, ಅವಳ ಭಾವನ ಹೆಸರು.

ಮೊದಲ ಪ್ರೂಫಿನಲ್ಲಿ ಒಂದು ಎತ್ವ ಸೇರಿಸಿದೆ: ತೊಡೆದೇವು.
ಎರಡನೆಯದರಲ್ಲಿ ಮಾಲೀಕರು ಅದನ್ನು ಕಿತ್ತರು.
ಎರಡನ್ನೂ ಬಾಗಿಲ ಬೆಳಕಿಗೆ ಹಿಡಿದಳು.
ನೋಡಿದ್ದು ಹೆಸರನ್ನಲ್ಲ, ಕಾಗದ ಎಷ್ಟು ತೆಳು ಎಂದು.
"ಯಾವುದಾದ್ರೂ ಅಡ್ಡಿಲ್ಲೆ ತಮಾ, ಒಡೀದಿದ್ರೆ ಸೈ."

ನನಗೆ ಅಡ್ಡಿಯಿತ್ತು.
ಅಂಕೋಲೆಯ ಕಡೆ, ಉಪ್ಪಿನಾಗರದ ಪಕ್ಕ ಹುಟ್ಟಿದವನು;
ನಮ್ಮಲ್ಲಿ ಸಿಹಿಯೆಂದರೆ ಸುಕ್ಕಿನುಂಡೆ, ಎಳ್ಳುಂಡೆ,
ಅಂಗೈಗೆ ಭಾರ ತಿಳಿಯಬೇಕು.
ಇದೋ, ನಾಲಿಗೆಗಿಟ್ಟು ಬಾಯಿ ಮುಚ್ಚುವಷ್ಟರಲ್ಲಿ
ಇಟ್ಟೆನೋ ಇಲ್ಲವೋ ಎಂಬ ಅನುಮಾನ.

ಗೆದ್ದಲು ಬಿಟ್ಟ ನಿಘಂಟನ್ನು ಇಳಿಸಿದೆ.
ತೊಡೆ: ನಾಮಪದ. ಸೊಂಟದ ಕೆಳಗಿನದು.
(ಬೈಂಡಿಂಗಿನ ಹುಡುಗ ಅಂಟಿನ ಡಬ್ಬಿಗೆ ಮುಖ ಹಾಕಿ ನಕ್ಕ.)
ತೊಡೆ: ಕ್ರಿಯಾಪದ. ಬಳಿ, ಸವರು, ಲೇಪಿಸು.
ತೊಡೆ: ಅದೇ ಕ್ರಿಯಾಪದ. ಒರಸು, ಅಳಿಸು, ಇಲ್ಲದಂತೆ ಮಾಡು.

ಹಚ್ಚುವುದಕ್ಕೂ ಅಳಿಸುವುದಕ್ಕೂ ಒಂದೇ ಮಾತೇ, ಸಾವೇರಕ್ಕ?

ಅವಳಿಗೆ ಇದೊಂದು ಪ್ರಶ್ನೆಯೇ ಅಲ್ಲ.
ಮಗುಚಿದ ಗಡಿಗೆ, ಒಳಗೆ ಬೆಂಕಿ,
ಕಬ್ಬಿನ ಹಾಲಲ್ಲಿ ಕಲಸಿದ ಹಿಟ್ಟು, ಕೋಲಿಗೆ ಕಟ್ಟಿದ ಬಟ್ಟೆ.
ಗಡಿಗೆಯ ಬೆನ್ನ ಮೇಲೆ ಒಮ್ಮೆ ಎಳೆದರೆ ಹತ್ತಿತು.
ಆಸೆಬಿದ್ದು ಇನ್ನೊಮ್ಮೆ ಎಳೆದೆಯೋ, ಹತ್ತಿದ್ದೂ ಎದ್ದು ಬಂತು.
"ಅದೇ ಬಟ್ಟೆ, ಅದೇ ಕೈ," ಎಂದಳು.

ಆಮೇಲೆ, ಊಟದ ಹೊತ್ತು ಯಂತ್ರ ನಿಂತಾಗ,
ಮೊಳೆ ಜೋಡಿಸುತ್ತ ದೀರ್ಘವೊಂದು ಕೈತಪ್ಪಿ ಉದುರಿತು.
ಉಳಿದದ್ದು: ತೊಡೆದೆವು.
ಓದಿದೆ. ಮತ್ತೆ ಓದಿದೆ.
ಇದು ಹೆಸರಲ್ಲ, ಇಡೀ ವಾಕ್ಯ.
ಭೂತಕಾಲ, ಉತ್ತಮ ಪುರುಷ, ಬಹುವಚನ
(ಪುರುಷ ಎಂದದ್ದು ವ್ಯಾಕರಣ, ನಾನಲ್ಲ).

ನಮ್ಮೂರ ಸಿಹಿ ಹೇಳುವುದು: ಉಂಡೆ.
ಯಾರು? ನಾನು. ಒಬ್ಬನೇ.
ಪಂಡಿತರು ಒಪ್ಪಲಿಕ್ಕಿಲ್ಲ, ಒಪ್ಪದಿರಲಿ;
ನಾಚಿಕೆಯಾಯಿತು.

ತೊಡೆದೆವು ಅಂದರೆ ಯಾರ್‍ಯಾರು, ಕೇಳಿದೆ.
ಬೆರಳು ಮಡಚಿದಳು:
ಅಕ್ಕಿ ಬೀಸಿದ್ದು ನೇತ್ರೆ. ಹಾಲು ಸೋಸಿದ್ದು ಹುಲೇಕಲ್ಲಿನ ಕುಸುಮೆ.
ಗರಿಯಾಗುವ ಮೊದಲು ಮಡಚಿ ಮಡಚಿ
ಬೆರಳ ತುದಿಯ ಗೆರೆ ಸುಟ್ಟುಕೊಂಡವಳು ಅತ್ತೆ,
ರೇಷನ್ ಅಂಗಡಿಯಲ್ಲಿ ಅವಳ ಹೆಬ್ಬೆಟ್ಟು ಮೂಡುತ್ತಲೇ ಇರಲಿಲ್ಲ.
"ಅತ್ತೆ ಈಗಿಲ್ಲೆ. ಗಡಿಗೆ ಇದ್ದು."
ಭಾವನ ಹೆಸರಿಗೆ ಬೆರಳು ಉಳಿದಿತ್ತು. ಮಡಚಲಿಲ್ಲ.

ಮೂರನೇ ಪ್ರೂಫು ಹೊಡೆದೆ.
ತಯಾರಕರು ಎಂಬಲ್ಲಿ ಖಾಲಿ ಬಿಟ್ಟೆ.
ಹೆಸರಿನ ಜಾಗದಲ್ಲಿ, ದೀರ್ಘವಿಲ್ಲದೆ, ತೊಡೆದೆವು,
ವಾಕ್ಯವಲ್ಲವೇ, ಕೊನೆಗೊಂದು ಪೂರ್ಣವಿರಾಮ.

ಈ ಸಲ ಹೆಸರನ್ನೇ ನೋಡಿದಳು, ಬಹಳ ಹೊತ್ತು.
"ಈ ಚುಕ್ಕೆ ಎಂತಕ್ಕೆ? ನಾಳೆಗೂ ತೊಡೆಯವು"
ಎಂದು ಬೆರಳಿನಿಂದ ಒರೆಸಿದಳು.
ಮಸಿ ಇನ್ನೂ ಹಸಿ.
ಚುಕ್ಕೆ ಹೋಗಿ ಕಾಗದದ ಅಂಚಿನವರೆಗೂ ಹರಡಿತು,
ತೆಳ್ಳಗೆ, ಒಂದೇ ಎಳೆತಕ್ಕೆ.