ಉಂಡೆ

ಹೆದರಿದರೆ ಸುತ್ತಿಕೊಂಡು ಚೆಂಡಾಗುತ್ತಾಳೆಂದು
ಉಂಡೆ ಅಂತ ಹೆಸರಿಟ್ಟವಳು ನಾನೇ.
ಹನ್ನೊಂದು ವಾರವಾಯಿತು. ಉಂಡಿಲ್ಲ.

ಫ್ರೀಜರಿನ ಇಲಿಯನ್ನು ಬಿಸಿನೀರಲ್ಲಿ ನೆನೆಸಿ,
ಹಬ್ಬದ ದಿನ ಮಿಂದ ಮಗುವಿಗೆ ಮಾಡುವಂತೆ
ಹೇರ್ ಡ್ರೈಯರಿನಲ್ಲಿ ತಲೆ ಒಣಗಿಸಿ,
ಇಕ್ಕಳದಲ್ಲಿ ಹಿಡಿದು ಕುಣಿಸಿದೆ, ಜೀವವಿದೆಯೆಂಬಂತೆ.
ನಾಲಿಗೆ ಚಾಚಿ ನನ್ನ ನಾಟಕ ಮೂಸಿದಳು.
ತಲೆ ಮತ್ತೆ ಒಳಗೆ.

ಜ್ವರದಲ್ಲಿ ನಾನು ಬಾಯಿ ಬಿಗಿದುಕೊಂಡಾಗ
ಫಿಲೋಮಿನಾ ಆಂಟಿ ಪುಸಲಾಯಿಸುತ್ತಿರಲಿಲ್ಲ.
ಗಂಜಿ ಮುಚ್ಚಿಟ್ಟು, ಲೈಟ್ ಆರಿಸಿ,
ಹೊರಗೆ ಕೂತು ಕೆಮ್ಮುತ್ತಿದ್ದಳು.

ಇವತ್ತು ಆರಿಸಬೇಕಾಗಲಿಲ್ಲ.
ಮತ್ತಿಕೆರೆಗೆಲ್ಲ ಕರೆಂಟಿಲ್ಲ.
ಗಾಜಿನ ಪೆಟ್ಟಿಗೆಗೆ ಹಳೇ ಶಾಲು ಹೊದಿಸಿ,
ಇಲಿಯನ್ನು ಅಲ್ಲೇ ಬಿಟ್ಟು
ಅಡುಗೆಮನೆಯ ನೆಲದ ಮೇಲೆ ಕೂತಿದ್ದೇನೆ,
ಯಶವಂತಪುರದ ಕಡೆಯ ಗೂಡ್ಸ್ ಗಾಡಿಯ ಸದ್ದು ಎಣಿಸುತ್ತಾ.
ಒಳಗೆ ಧಪ್ ಅಂತ ಏನೋ.

ಎದ್ದು ಹೋಗುವುದಿಲ್ಲ. ಕತ್ತಲಿಗೇ ಕೇಳುತ್ತೇನೆ:
ಉಂಡೆಯಾ, ಉಂಡೆ?