ಎವೆಯಿಕ್ಕುವುದು

ಮೈನಸ್ ಹನ್ನೊಂದು ಅಂದರೆ ಎಷ್ಟು ಎಂದು ಕೇಳುತ್ತಾರೆ.
ಒಂಬತ್ತು ಸೆಂಟಿಮೀಟರು ಅನ್ನುತ್ತೇನೆ.
ಕನ್ನಡಕ ತೆಗೆದರೆ ನನ್ನ ಲೋಕ ಅಷ್ಟೇ,
ಅರ್ಧ ಗೇಣಿಗೂ ಕಮ್ಮಿ.
ಅದರೊಳಗೆ ಸೊಳ್ಳೆಯ ಕಾಲಿನ ಪಟ್ಟೆ ಕಾಣುತ್ತದೆ,
ಸಿಂಚನಳ ಹುಬ್ಬಿನ ಮೂರು ಹೊಲಿಗೆ ಕಾಣುತ್ತದೆ.
ಆಚೆಗೆಲ್ಲ ಕದಡಿದ ಗಂಜಿ.

ಪೀಣ್ಯ ಎರಡನೇ ಹಂತ, ಶೆಡ್ಡಿನ ಮೇಲ್ಮಹಡಿ,
ಎ.ಸಿ. ಗಾಳಿ ನೇರ ಮುಖಕ್ಕೆ.
ಭೂತಗನ್ನಡಿಯ ಕೆಳಗೆ ಹಸಿರು ಬೋರ್ಡುಗಳು:
ಬೆಸುಗೆ ಕೂತಿದೆಯೇ, ಹರಿದು
ಪಕ್ಕದ ಕಾಲಿಗೆ ತಾಗಿದೆಯೇ,
ದಿನಕ್ಕೆ ನಾನೂರ ಇಪ್ಪತ್ತು.
"ಕಣ್ಣಿಗೆ ಎಣ್ಣೆ ಬಿಟ್ಕೊಂಡು ನೋಡ್ರಮ್ಮ" ಅನ್ನುತ್ತಾನೆ ಲೋಹಿತ್.
ಎವೆಯಿಕ್ಕದೆ ನೋಡುತ್ತೇನೆ.
ಎಂಟು ವರ್ಷದಿಂದ ಅದೇ ನನ್ನ ಬಿರುದು,
ಒಮ್ಮೆ ಅದಕ್ಕಾಗಿ ಸ್ಟೀಲ್ ಡಬ್ಬಿಯೂ ಬಂದಿತ್ತು.

ಮಧ್ಯಾಹ್ನ ಮೂರಾದರೆ ರೆಪ್ಪೆಯೊಳಗೆ ಮರಳು.
ಉಜ್ಜುತ್ತಿದ್ದೆ,
ಮುಂಗೈಯಿಂದ, ಗಟ್ಟಿಯಾಗಿ,
ಕತ್ತಲೊಳಗೆ ಹಳದಿ ಹೂ ಅರಳುವ ತನಕ.
ಸುಳ್ಳೇಕೆ, ಅಷ್ಟು ಸುಖ ಬೇರೆಲ್ಲೂ ಇರಲಿಲ್ಲ.

ಕೆಳಮನೆಯ ಚೌಡಮ್ಮ ಹರಳೆಣ್ಣೆ ಒಂದು ತೊಟ್ಟು ಅಂದಳು.
ನಸೀಮಾ ಪನ್ನೀರು ತಂದೇಬಿಟ್ಟಳು.
ಆಟೋದವನು ಕನ್ನಡಿಯಲ್ಲಿ ನನ್ನ ಕೆಂಗಣ್ಣು ನೋಡಿ,
"ಜೇನುತುಪ್ಪ ಮೇಡಂ, ಉರಿದಷ್ಟೂ ಒಳ್ಳೇದು!"

ಮಿಂಟೋದಲ್ಲಿ ಪಾಪೆ ಹಿಗ್ಗಿಸುವ ಹನಿ ಬಿಟ್ಟು ಕೂರಿಸಿದರು.
"ನೀರು ಸುರಿಯುತ್ತೆ, ಒಣಗಿದೆ ಅಂತೀರಲ್ಲ?"
"ಒಣಗಿದ್ದಕ್ಕೇ ಸುರಿಯೋದು" ಅಂದರು ಡಾಕ್ಟರಮ್ಮ.
ಚೀಟಿಯ ಬೆನ್ನಿಗೆ ನನ್ನ ಕಣ್ಣು ಬರೆದರು:
ಗೋಲಿಯಂತಿರಬೇಕಾದ್ದು ಕೋಳಿಮೊಟ್ಟೆಯಷ್ಟು ಉದ್ದ.
"ಹಿಂದಿನ ಪರದೆ ಎಳೆದೆಳೆದು ತೆಳ್ಳಗಾಗಿರುತ್ತೆ.
ಹಳೇ ರೇಷ್ಮೆಸೀರೆ ಮಡಿಕೆಯಲ್ಲಿ ಹೇಗಿರುತ್ತೆ, ಗೊತ್ತಲ್ಲ?
ಅದನ್ನ ಉಜ್ಜಿ ಒಗೀತೀರಾ?"

ನನ್ನ ಧಾರೆಸೀರೆ ನೆನಪಾಯಿತು.
ಹೋದ ವರ್ಷ ಬಿಚ್ಚಿದಾಗ
ಸದ್ದೂ ಮಾಡದೆ ಸೀಳಿತ್ತು.
ಕಣ್ಣಿನತ್ತ ಹೊರಟಿದ್ದ ಕೈ
ತೊಡೆಯ ಮೇಲೇ ಉಳಿಯಿತು.

ಎಣ್ಣೆ ಗಾದೆಯಲ್ಲಿರಲಿ, ಜೇನು ರೊಟ್ಟಿಗಿರಲಿ ಅಂದರು.
ಕಣ್ಣೀರಿನಂಥದೇ ಹನಿ ಬರೆದುಕೊಟ್ಟರು,
ಕೆಡದಂತೆ ಏನೂ ಬೆರೆಸದ್ದು,
ಬೆರಳುಗುರಿನಷ್ಟು ಪುಟ್ಟ ಬುರುಡೆಗಳಲ್ಲಿ.
ಗಾಳಿಯ ದಿಕ್ಕು ತಿರುಗಿಸಿ. ಆಗಾಗ ದೂರ ನೋಡಿ.
ಪೂರ್ತಿ ರೆಪ್ಪೆ ಮುಚ್ಚಿ, ಅರೆಬರೆ ಅಲ್ಲ.
ಬಾಗಿಲ ತನಕ ಬಂದವಳನ್ನು ಮತ್ತೆ ಕರೆದು:
"ಮಿಂಚು ಹೊಡೆದ ಹಾಗಾದರೆ,
ಕರೀ ಚುಕ್ಕಿ ಒಮ್ಮೆಲೇ ಉದುರಿದರೆ,
ಮೂಲೆಯಿಂದ ತೆರೆ ಇಳಿದರೆ
ರಜಾ ಕೇಳ್ಕೊಂಡು ನಿಲ್ಲಬೇಡಿ, ಅವತ್ತೇ ಬನ್ನಿ."

ಮೆಟ್ರೋದಲ್ಲಿ ಹಿಗ್ಗಿದ ಪಾಪೆಗೆ
ಊರೆಲ್ಲ ಸುಣ್ಣ ಬಳಿದ ಹಾಗೆ.
ಸಿಂಚನಳ ಭುಜ ಹಿಡಿದು ದಾಸರಹಳ್ಳಿಯಲ್ಲಿ ಇಳಿದೆ.

ರಾತ್ರಿ ಬಿಸಿನೀರಲ್ಲಿ ಅದ್ದಿ ಹಿಂಡಿದ ಬಟ್ಟೆ,
ಮೊದಲು ಅವಳ ಮುಂಗೈಗೆ, ಆಮೇಲೆ ನನ್ನ ರೆಪ್ಪೆಗೆ.
"ಒತ್ತಬೇಡ ಮಗಾ, ಇಟ್ಟರೆ ಸಾಕು."
ಅವಳು ಏನನ್ನೋ ಗುನುಗುತ್ತಾ ನಿಮಿಷ ಎಣಿಸಿದಳು,
ಎಂಟಕ್ಕೆ ನಿಲ್ಲಿಸಿ ಹತ್ತು ಅಂದಳು.

ಕನ್ನಡಕ ಅವಳ ಕೈಗೆ ಕೊಟ್ಟು ತಾರಸಿಯ ಗೋಡೆಗೊರಗಿದೆ.
ತುಮಕೂರು ರಸ್ತೆಯ ಮೇಲುಸೇತುವೆಯಲ್ಲಿ
ಒಂದೊಂದು ದೀಪವೂ ಹಪ್ಪಳದಷ್ಟು ಅಗಲ,
ಒಂದರ ಮೇಲೊಂದು ತೇಲುತ್ತಾ, ಕೆಂಪು, ಕಿತ್ತಳೆ.
ಲಾರಿ ಯಾವುದು, ಕಂಬ ಯಾವುದು, ಗೊತ್ತಿಲ್ಲ.
ತಪ್ಪು ಹುಡುಕಲು ಅಲ್ಲೇನೂ ಇರಲಿಲ್ಲ.
ಕಣ್ಣು ಸುಮ್ಮನೆ ಕೂತಿತ್ತು,
ಕೆಲಸ ಬಿಟ್ಟವರ ಹಾಗೆ.

ಇವತ್ತು ಸಂಜೆ ಲೋಹಿತ್ ಲೆಕ್ಕ ತೆಗೆದ:
ಮುನ್ನೂರ ತೊಂಬತ್ತೊಂದು.
"ಏನಮ್ಮ, ಇಪ್ಪತ್ತೊಂಬತ್ತು ಕಮ್ಮಿ?"
ರೆಪ್ಪೆಗೆ ಹೋಯ್ತು, ಬರ್ಕೋ ಅಂದೆ.
ಬರೆಯಲಿಲ್ಲ. ಅವನೂ ಒಮ್ಮೆ
ಎವೆಯಿಕ್ಕಿದ.