ಬಂಗ್ಡೇ ಅಂದರೆ ಹಾರುತ್ತದೆ

ಹಣಕೋಣದ ಆಚೆ, ಕಲ್ಲು ಮುಗಿದ ಕ್ವಾರಿಯಲ್ಲಿ
ರವಿವಾರ ಬೆಳಿಗ್ಗೆ ಏಳಕ್ಕೆ ನಮ್ಮ ಶಾಲೆ.
ಮೂರು ಕಡೆ ಚಿರೆಕಲ್ಲಿನ ಗೋಡೆ,
ಒಂದು ಸ್ಪ್ರಿಂಗಿನ ಯಂತ್ರ, ಎರಡು ಬಂದೂಕು,
ಕಿತ್ತಳೆ ಬಣ್ಣದ ಬಿಲ್ಲೆಗಳ ನಾಲ್ಕು ಪೆಟ್ಟಿಗೆ,
ಚಪ್ಪಲಿ ಸಾಲಾಗಿ ಬಿಟ್ಟು ಕುಳಿತ ಏಳು ಮಕ್ಕಳು.
ಚಪ್ಪಲಿ ಬಿಡಿ ಎಂದು ನಾನು ಹೇಳಿದ್ದಲ್ಲ;
ಬಂದೂಕು ನೋಡಿ ಅವರಿಗೇ ಹಾಗೆ ತೋಚಿತು.

ಮೊದಲ ವಾರ ಬಂದೂಕು ಮುಟ್ಟುವುದಿಲ್ಲ.
ತೋರುಬೆರಳೇ ನಳಿಗೆ.
ಬಿಲ್ಲೆಯನ್ನು ಬೆರಳಿಂದ ಹಿಂಬಾಲಿಸಿ, ದಾಟಿ,
ಬಾಯಲ್ಲಿ ‘ಢಂ’ ಅನ್ನಿ.
ಏಳು ಢಂ. ಗೋಡೆ ತಿರುಗಿ ಏಳು ಹೇಳಿತು.
ಒಂದು ತೋಟೆಯೂ ಖರ್ಚಾಗಲಿಲ್ಲ.

ನನಗೆ ಕಲಿಸಿದ್ದು ಹೀಗಲ್ಲ.
ಹನ್ನೊಂದರ ಹುಡುಗನಿಗೆ ಸೋದರಮಾವ
ಗಲ್ಲದವರೆಗೆ ಬರುವ ಹನ್ನೆರಡು ಬೋರು ಕೊಟ್ಟು
‘ಹೊಡಿ’ ಅಂದ. ಹೊಡೆದೆ. ಬಂದೂಕು ನನ್ನನ್ನು ಹೊಡೆಯಿತು.
ಬೆನ್ನ ಮೇಲೆ ಬಿದ್ದೆ. ನಿಂತವರು ನಕ್ಕರು.
ಭುಜದ ನೀಲಿ ಹದಿನೈದು ದಿನಕ್ಕೆ ಹೋಯಿತು,
ನಗು ಹೋಗಲು ಒಂಬತ್ತು ವರ್ಷ.
ಅದಕ್ಕೇ ಇಲ್ಲಿ ಹಗುರ ಬಂದೂಕು, ಅರೆಹೊಟ್ಟೆ ತೋಟೆ,
ನನ್ನ ಹೆಂಡತಿ ಟವೆಲು ಮಡಚಿ ಹೊಲಿದ ಭುಜದ ದಿಂಬು.
ನಗಲೇಬೇಕಾದರೆ ಮಾಸ್ತರನನ್ನು ನೋಡಿ ನಗಬಹುದು.

ಬಿಲ್ಲೆ ಬಿಡಿಸಲು ಒಂದು ಕೂಗು ಬೇಕು.
ಪುಸ್ತಕದ ಪದ ಅವರ ನಾಲಿಗೆಗೆ ಹತ್ತಲಿಲ್ಲ.
‘ಬೇಕಾದ್ದು ಕೂಗಿ’ ಅಂದೆ.
ಚೂಡಾಮಣಿ ತಾಂಡೇಲ ‘ಬಂಗ್ಡೇ!’ ಅಂದ.
ಅನ್ಸಿಲಾ ಗಣಿತದ ಟೀಚರ ಹೆಸರು ಕೂಗಿದಳು;
ಅದು ಬೇಡ ಅನ್ನುವಷ್ಟರಲ್ಲಿ ಬಿಲ್ಲೆ ಹಾರಿಬಿಟ್ಟಿತ್ತು.
ಈಗ ಎಲ್ಲರದೂ ಬಂಗ್ಡೇ.

ಮೊದಲ ಬಿಲ್ಲೆ ಸೋಮಾರಿ.
ಬೀರು ಸ್ಪ್ರಿಂಗು ಸಡಿಲಿಸುತ್ತಾನೆ;
ನೆಟ್ಟಗೆ, ಎದುರಿನಿಂದ ದೂರಕ್ಕೆ,
ಅಂಗಡಿಗೆ ಕಳಿಸಿದ ಹುಡುಗನ ಹಾಗೆ ಹೋಗುತ್ತದೆ.
ಅದನ್ನು ಒಡೆಯದ ಮಗು ಇಲ್ಲ.
ಗಾಳಿಯಲ್ಲಿ ಒಂದು ಹಿಡಿ ಕಪ್ಪು ಪುಡಿ,
ನೆಲದ ಮೇಲೆ ಬಾಯಿ ತೆರೆದ ಒಂದು ಮುಖ.
ನಾನು ಸಂಬಳವಿಲ್ಲದೆ ಬರುವುದು ಅದಕ್ಕೆ.

ಅಡ್ಡ ಹೋಗುವ ಬಿಲ್ಲೆಯಲ್ಲಿ ಕಷ್ಟ ಶುರು.
ಎಲ್ಲರೂ ಬಿಲ್ಲೆಗೇ ಗುರಿಯಿಡುತ್ತಾರೆ,
ಎಲ್ಲರ ಚರೆಯೂ ಅದರ ಹಿಂದೆ.
ಮುಂದೆ ಹೊಡಿ. ಎಷ್ಟು ಮುಂದೆ? ಎರಡು ಮೊಳ. ಯಾರ ಮೊಳ?
ನನ್ನ ವಿದ್ಯೆ ಅಲ್ಲಿಗೆ ಮುಗಿಯಿತು.
ಚೂಡಾಮಣಿ ಮೂಗೊರೆಸಿಕೊಂಡು ಎದ್ದ:
‘ಸರ್, ಕಾಳಿ ಹೊಳೇಲಿ ಬೀಸುಬಲೆ ಹಾಕೂದು
ಶೆವ್ಟೆ ಇದ್ದಲ್ಲಿ ಅಲ್ಲ, ಅದು ಹೋಗೂ ಜಾಗಕ್ಕೆ.
ಬಲೆ ಬಿಟ್ಮೇಲೂ ಕೈ ಹೋಗ್ತಾ ಇರಬೇಕು.
ಕೈ ನಿಂತ್ರೆ ಬಲೆ ಮುದ್ದೆ.’
ಬರಿಗೈ ಬೀಸಿ ತೋರಿಸಿದ, ಸೊಂಟದಿಂದ.
ಇಪ್ಪತ್ತೆರಡು ವರ್ಷ ನಾನು ಹೇಳಲು ಒದ್ದಾಡಿದ್ದು
ಆ ಸೊಂಟದಲ್ಲಿತ್ತು.
ಎರಡು ರವಿವಾರ ಬಂದೂಕು ಕಪಾಟಿನಲ್ಲೇ ಉಳಿಯಿತು.
ನಾವೆಲ್ಲ ಹೊಳೆಯಲ್ಲಿ, ಮೊಣಕಾಲ ನೀರಲ್ಲಿ.
ನನ್ನ ಬಲೆ ಮಾತ್ರ ಪ್ರತಿ ಸಲ ಮುದ್ದೆ.

ಶೇವಂತಿ ಗುನಗಿಯದು ಬೇರೆ ತೊಡಕು.
ಎತ್ತುತ್ತಾಳೆ, ಹಿಂಬಾಲಿಸುತ್ತಾಳೆ, ಹೊಡೆಯುವುದಿಲ್ಲ.
ಅವಳಜ್ಜಿ ಮಡಕೆ ತಟ್ಟುವವಳು;
ಆ ಮನೆಯಲ್ಲಿ ಒಡೆದ ಮಗುವಿಗೆ ಬೈಗುಳವೇ ಊಟ.
ಒಂದು ಬಿಲ್ಲೆ ಕೈಗೆ ಕೊಟ್ಟೆ.
ಉಗುರಲ್ಲಿ ಬಡಿದಳು, ಕಿವಿಗೆ ಹಿಡಿದಳು, ಮೂಸಿದಳು.
‘ಇದು ಬೆಂದದ್ದಲ್ಲ ಸರ್. ದನಿಯೇ ಇಲ್ಲ.’
ಮರುಬಿಲ್ಲೆ ಒಡೆದಳು.
ಖುಷಿಯಾಯಿತೋ ಇಲ್ಲವೋ, ಹೇಳಲಿಲ್ಲ.

ಇನ್ನು ತಪ್ಪಿದವುಗಳ ವಿಷಯ.
ಕೆಲವು ಹುಲ್ಲಿನ ಮೇಲೆ ಇಡಿಯಾಗಿ ಇಳಿಯುತ್ತವೆ.
ಬಂದೂಕು ಮಡಚಿ, ನಳಿಗೆ ಖಾಲಿ ಎಂದು
ಇಬ್ಬರು ಇಣುಕಿ ನೋಡಿದ ಮೇಲೆ
ಬುಟ್ಟಿ ಹಿಡಿದು ಹುಡುಕಲು ಹೊರಡುತ್ತೇವೆ.
‘ತಪ್ಪಿಸಿ ಕ್ಲಬ್ಬಿಗೆ ಹಣ ಉಳಿಸಿದವರು’
ಎಂದು ನಾನು ಲೆಕ್ಕ ಓದುತ್ತೇನೆ:
ಬಿಲ್ಲೆಗೆ ಹತ್ತು ರೂಪಾಯಿ; ಮಿಂಗೇಲನೊಬ್ಬನದೇ ನೂರ ಮೂವತ್ತು.
ಚಪ್ಪಾಳೆ. ಮಿಂಗೇಲ ಎದ್ದು, ಎದೆ ಮುಟ್ಟಿ, ಬಾಗುತ್ತಾನೆ.

ನಿನ್ನೆ ಅವನು ಹುಲ್ಲಿನಿಂದ ಒಂದನ್ನು ಹೆಕ್ಕಿ ತಂದ.
ಅದರ ಬೆನ್ನಿಗೆ ಸೀಮೆಸುಣ್ಣದ ಮೂರು ಗೀಟು.
ಜೇಬಿನಿಂದ ಸುಣ್ಣದ ತುಂಡು ತೆಗೆದು
ನಾಲ್ಕನೆಯದು ಎಳೆದ.
‘ಇದು ನನ್ನದು. ಬೇರೆಯವರಿಗೆ ಹಾರಿಸಬೇಡಿ.’
ಬೀರು ಏನೂ ಕೇಳಲಿಲ್ಲ.
ಅದನ್ನು ಯಂತ್ರದ ಪಕ್ಕದ ಕಲ್ಲಿನ ಮೇಲಿಟ್ಟು
ಇಬ್ಬನಿ ತಾಗದ ಹಾಗೆ ಗರಟೆ ಮುಚ್ಚಿದ.